ರಾಹುಕಾಲಕ್ಕೆ ಹಾಕಿದ ಪ್ರೋಬ್

ನನ್ನನ್ನು ಕಳ್ಳಿ ಅಂದವನನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ. ದೊಡ್ಡ ಮನಸ್ಸು ಮಾಡಬೇಕಮ್ಮಾ ಅಂತ ಬುದ್ಧಿ ಹೇಳುವವರಿಗೆ ಒಂದೇ ಮಾತು: ನಿಮ್ಮ ಮನಸ್ಸು ದೊಡ್ಡದಿದ್ದರೆ ನೀವೇ ಇಟ್ಟುಕೊಳ್ಳಿ.

ಅವನು ತಿಪಟೂರಿನ ಒಂದು ಕೊಬ್ಬರಿ ಮಂಡಿಯ ಮ್ಯಾನೇಜರ್, ಯಜಮಾನರ ಬಾಮೈದ. ಅದೇ ಮಂಡಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವಳು ನಾನು. ಬಿಳಿಗೆರೆಯಿಂದ ದಿನಾ ಸ್ಕೂಟರಿನಲ್ಲಿ ಹೋಗಿಬರುತ್ತೇನೆ. ಗೇಟಿನ ಪಕ್ಕದಲ್ಲಿ ಗಾಡಿ ತೂಗುವ ವೇಬ್ರಿಡ್ಜ್ ಇದೆ. ಲೋಡ್ ಇದ್ದಾಗ ಒಂದು ಸಲ, ಚೀಲ ಇಳಿಸಿ ಖಾಲಿಯಾದ ಮೇಲೆ ಇನ್ನೊಂದು ಸಲ ಗಾಡಿ ಹತ್ತಿಸುತ್ತಾರೆ. ಎರಡೂ ತೂಕ ಸೇರಿದರೆ ಚೀಟಿ ಬರುತ್ತದೆ. ಆ ಪ್ರೋಗ್ರಾಂ ಬರೆದವಳು ನಾನೇ.

ಕಳೆದ ವರ್ಷ ಕೆಲವು ಲೋಡ್‌ಗಳು ಲೆಕ್ಕದಿಂದ ಮಾಯವಾಗತೊಡಗಿದವು. ಗಾಡಿ ಬಂದಿದೆ, ಚೀಲ ಇಳಿದಿದೆ, ಚೀಟಿ ಇಲ್ಲ. ಹಾಗೆ ಹೋದವುಗಳಲ್ಲಿ ನಮ್ಮೂರಿನ ದೊಡ್ಡಪ್ಪನ ಲೋಡೂ ಇತ್ತು. ಅವರು ಬಂದು ಕೇಳಿದಾಗ, ಸಂತೆಯ ಜನವೆಲ್ಲ ಅಂಗಳದಲ್ಲಿ ನಿಂತಿರುವಾಗಲೇ ಮ್ಯಾನೇಜರ್ ನನ್ನ ಕಡೆ ಬೆರಳು ತೋರಿಸಿದ: "ಕಂಪ್ಯೂಟ್ರು ಈಯಮ್ಮನ ಕೈಲೈತೆ ಕಣ್ರೀ. ನಿಮ್ಮ ಕೊಬ್ಬರಿ ಯಾರ ಮನೆ ಅಟ್ಟ ಸೇರ್ತೋ, ಅವ್ಳನ್ನೇ ಕೇಳಿ."

ಆ ಮಾತು ನನಗಿಂತ ಮೊದಲು ಬಿಳಿಗೆರೆ ತಲುಪಿತ್ತು. ಮರುದಿನ ಬೆಳಿಗ್ಗೆ ಅಮ್ಮ ಡೈರಿಗೆ ಹಾಲು ಹಾಕಲು ಹೋದರೆ, ಮಾತಾಡುತ್ತಿದ್ದ ಹೆಂಗಸರೆಲ್ಲ ಗಪ್‌ಚಿಪ್. ದೊಡ್ಡಮ್ಮ ಮುಖ ತಿರುಗಿಸಿಕೊಂಡು ಹೋದರಂತೆ. ಅಮ್ಮ ಕ್ಯಾನು ತೊಳೆಯುತ್ತಾ ಅತ್ತಳು. ನಾನು ಅಳಲಿಲ್ಲ. ಇವನನ್ನು ಅದೇ ಅಂಗಳದಲ್ಲಿ, ಅದೇ ಜನದ ಮುಂದೆ ನಿಲ್ಲಿಸದೆ ಬಿಡುವುದಿಲ್ಲ ಅಂದುಕೊಂಡೆ.

ಹಳೆಯ ದಾಖಲೆ ತೆಗೆದು ನೋಡಿದರೆ, ಮಾಯವಾದ ಲೋಡ್‌ಗಳಲ್ಲೆಲ್ಲ ಖಾಲಿ ಗಾಡಿಯ ತೂಕ ಮೊದಲು, ತುಂಬಿದ ಗಾಡಿಯ ತೂಕ ಆಮೇಲೆ ಅಂತಿತ್ತು. ಇಳಿಸುವ ಮೊದಲೇ ಗಾಡಿ ಖಾಲಿಯಾಗುವುದು ಹೇಗೆ? ತಪ್ಪು ಅಂತ ನನ್ನ ಪ್ರೋಗ್ರಾಂ ಅವನ್ನು ಪಕ್ಕಕ್ಕೆ ತಳ್ಳಿತ್ತು. ಯಾರೋ ಮಧ್ಯದಲ್ಲಿ ಕಂಪ್ಯೂಟರಿನ ಗಡಿಯಾರ ಹಿಂದಕ್ಕೆ ತಿರುಗಿಸಿ, ಆಮೇಲೆ ಸರಿ ಮಾಡುತ್ತಿದ್ದರು. ಯಾರು ಅನ್ನುವುದು ಮಾತ್ರ ದಾಖಲೆಯಲ್ಲಿರಲಿಲ್ಲ. ಇಂಥ ಕೆಲಸಕ್ಕೆ ಬೇಕಾದ ಅಧಿಕಾರ ಇದ್ದದ್ದು ಯಜಮಾನರಿಗೆ, ನನಗೆ ಮತ್ತು 'ನಾನು ಮನೆಯವನು' ಅಂತ ಹಟ ಹಿಡಿದು ಪಡೆದುಕೊಂಡಿದ್ದ ಬಾಮೈದನಿಗೆ.

ಅವನ ಗುಟ್ಟನ್ನು ಹಿಡಿದದ್ದು ಪ್ರೋಬ್. ಅದು ಕೆಲಸ ಮಾಡುವ ರೀತಿ ನನಗೆ ಬಹಳ ಇಷ್ಟ. ಯಾವ ಪ್ರೋಗ್ರಾಂ ಆಗಲಿ, ಗಡಿಯಾರ ತಿದ್ದಬೇಕಾದರೆ ತಾನೇ ತಿದ್ದುವಂತಿಲ್ಲ. ಆಪರೇಟಿಂಗ್ ಸಿಸ್ಟಂನ ಒಳಗಿರುವ ಕರ್ನಲ್ ಅನ್ನು ಕೇಳಬೇಕು, ಕರ್ನಲ್‌ನಲ್ಲಿ ಅದಕ್ಕೆಂದೇ ಇರುವ ಫಂಕ್ಷನ್ ಓಡಬೇಕು. ಪ್ರೋಬ್ ಹಾಕುವುದೆಂದರೆ ಆ ಫಂಕ್ಷನ್ ಶುರುವಾಗುವ ಜಾಗದ ಆದೇಶವನ್ನು ಎತ್ತಿಟ್ಟುಕೊಂಡು, ಅಲ್ಲಿ 'ನಿಲ್ಲು' ಅನ್ನುವ ಆದೇಶ ಕೂರಿಸುವುದು. ಪ್ರೊಸೆಸರ್ ಅಲ್ಲಿಗೆ ಬಂದ ಕೂಡಲೇ ನಿಂತು, ನಾನು ಬರೆದಿಟ್ಟ ಪುಟ್ಟ ಕೋಡಿನ ಕಡೆ ತಿರುಗುತ್ತದೆ. ಕರೆದ ಪ್ರೋಗ್ರಾಂ ಯಾವುದು, ಯಾರ ಲಾಗಿನ್, ಎಲ್ಲವನ್ನೂ ಅದು ಬರೆದುಕೊಳ್ಳುತ್ತದೆ. ಆಮೇಲೆ ಎತ್ತಿಟ್ಟ ಆದೇಶವನ್ನು ಓಡಿಸಿ, ಮುಂದಿನ ಕೆಲಸಕ್ಕೆ ಏನೂ ಆಗಿಲ್ಲವೆಂಬಂತೆ ದಾರಿ ಬಿಡುತ್ತದೆ. ಕೇಳಲು ಬಂದವನಿಗೆ ತನ್ನನ್ನು ತಡೆದು ನೋಡಿದ್ದೇ ಗೊತ್ತಾಗುವುದಿಲ್ಲ. ಯಂತ್ರ ಆರಿಸಬೇಕಿಲ್ಲ, ತೂಕ ನಿಲ್ಲಿಸಬೇಕಿಲ್ಲ. ಆ ಫಂಕ್ಷನ್ ಹತ್ತಿರ ಯಾರೂ ಸುಳಿಯದಿದ್ದರೆ ಪ್ರೋಬ್ ಸುಮ್ಮನೆ ಬಿದ್ದಿರುತ್ತದೆ.

ಮಂಗಳವಾರ ಪ್ರೋಬ್ ಹಾಕಿಟ್ಟೆ. ಬುಧವಾರ ಮಧ್ಯಾಹ್ನವೇ ಅವನು ಸಿಕ್ಕಿಬಿದ್ದ. ಪರದೆಯ ಮೇಲೆ ಅವನ ಲಾಗಿನ್ ನೋಡಿದಾಗ ನನಗೆ ಊಟ ಬೇಡವಾಯಿತು, ಅಷ್ಟು ಸಂತೋಷ. ಗೋಡೆಯ ಕ್ಯಾಲೆಂಡರ್ ನೋಡಿದೆ. ಆ ಹೊತ್ತಿಗೇ ಬುಧವಾರದ ರಾಹುಕಾಲ ಶುರುವಾಗಿತ್ತು. ರಾಹುಕಾಲದ ಸಮಯ ಚೀಟಿಯ ಮೇಲೆ ಬೀಳದಿರಲಿ ಅಂತ ಈ ಮಹಾನುಭಾವ ಗಡಿಯಾರವನ್ನೇ ಹಿಂದಕ್ಕೆ ತಳ್ಳುತ್ತಿದ್ದ. ಆಗ ಅಂಗಳದಲ್ಲಿ ಇಳಿಸುತ್ತಿದ್ದ ಗಾಡಿಗಳ ಲೆಕ್ಕವೆಲ್ಲ ಹಿಂದುಮುಂದು.

ಯಜಮಾನರಿಗೆ ಆವತ್ತೇ ಹೇಳಬಹುದಿತ್ತು. ಹೇಳಲಿಲ್ಲ. ಅವನು ನನ್ನನ್ನು ಅಂದದ್ದು ಅಂಗಳದಲ್ಲಿ. ಕೋಣೆಯೊಳಗೆ ಪಿಸುಗುಟ್ಟಿ ಮುಗಿಸಿದರೆ ನನ್ನ ಅಮ್ಮನಿಗೆ ಸಿಗುವುದೇನು? ನಮ್ಮ ಕಡೆ ಲೋಡ್ ಡ್ರೈವರ್ ಜೊತೆ ಮುಂದೆ ಹೋಗುತ್ತದೆ, ರೈತರು ನಿಧಾನಕ್ಕೆ ಬಸ್ಸಿನಲ್ಲಿ ಬಂದು ಚೀಟಿ ಇಸಿದುಕೊಳ್ಳುತ್ತಾರೆ. ಶನಿವಾರದ ಸಂತೆಗೆ ಮಾತ್ರ ಗಾಡಿಯ ಜೊತೆಗೇ ಬನ್ನಿ ಅಂತ ದೊಡ್ಡಪ್ಪನಿಗೂ ಲೋಡ್ ಕಳೆದುಕೊಂಡ ಉಳಿದವರಿಗೂ ಫೋನ್ ಮಾಡಿದೆ. ಯಜಮಾನರನ್ನೂ ನನ್ನ ಕೋಣೆಯ ಕಿಟಕಿಯ ಹತ್ತಿರ ನಿಲ್ಲಿಸಿಕೊಂಡೆ. ಅಂಗಳದವರಿಗೆ ಕಾಣುವಂತೆ ಮಾನಿಟರನ್ನು ಹೊರಕ್ಕೆ ತಿರುಗಿಸಿದ್ದೆ.

ಶನಿವಾರದ ರಾಹುಕಾಲ ಒಂಬತ್ತಕ್ಕೆ. ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ಸಾಲು ಬಿತ್ತು. ಕೂಗಿ ಓದಿದೆ: "ನಮ್ಮ ಮ್ಯಾನೇಜರ್ ಸಾಹೇಬ್ರು ಈಗ ತಾನೇ ಗಡಿಯಾರ ಹಿಂದಕ್ಕೆ ತಿರುಗ್ಸಿದ್ರು. ನಿಮ್ಮ ಲೋಡ್ ನುಂಗಿದ್ದು ಇದು."

ಅವನು ತನ್ನ ಕಂಪ್ಯೂಟರ್ ಬಿಟ್ಟು ಒಳಗಿನಿಂದ ಓಡಿಬಂದ. ಮುಖ ಕೆಂಪಾಗಿತ್ತು, ಆದರೂ ಬಾಯಿಯ ಜೋರು ಇಳಿದಿರಲಿಲ್ಲ. "ಹೌದು ಕಣ್ರೀ, ತಿರುಗ್ಸಿದ್ದು ನಾನೇ. ರಾಹುಕಾಲ್ದಲ್ಲಿ ಚೀಟಿ ಕೊಡಕ್ಕಾಯ್ತದಾ? ನಿಮ್ಮ ಒಳ್ಳೇದಕ್ಕೇ ಮಾಡಿದ್ದು."

ಜನ ತಲೆಯಾಡಿಸಿದರು! ದೊಡ್ಡಪ್ಪ ಕೂಡ "ಅದೂ ಸರೀನೆ ಬುಡು" ಅಂದರು. ನನ್ನ ಮೈ ಉರಿದುಹೋಯಿತು. ಕರ್ನಲ್‌ನ ಒಳಗೆ ಕೈಹಾಕಿ ಕಳ್ಳನನ್ನು ಹಿಡಿದು ತಂದರೆ, ಇವರು ಅವನಿಗೆ ಹಾರ ಹಾಕುವ ಹಾಗಿದ್ದರು. ನನಗೆ ರಾಹುಕಾಲದಲ್ಲಿ ನಂಬಿಕೆ ಇಲ್ಲ. ಆದರೆ ಆ ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದು ಅದೊಂದೇ.

"ದೊಡ್ಡಪ್ಪಾ, ರಾಹುಕಾಲ್ದಲ್ಲಿ ನನ್ನ ಗಾಡಿ ತೂಗ್ಬೇಡಿ ಅಂತ ನೀನು ಹೇಳಿದ್ಯಲ್ವಾ?"

"ಹೂಂ ಕಣವ್ವ. ಯಾವಾಗ್ಲೂ ಹೇಳ್ತೀನಿ."

"ಇವ್ರು ತಿರುಗ್ಸಿದ್ದು ಕಂಪ್ಯೂಟರ್ ಗಡಿಯಾರನ. ರಾಹುಕಾಲನ ಅಲ್ಲ. ನಿನ್ನ ಲೋಡ್ ಮಾಯವಾದ ದಿನ ಖಾಲಿ ಗಾಡಿ ಹತ್ಸಿದಾಗ ಗಂಟೆ ಎಷ್ಟಾಗಿತ್ತು ಅಂತ ನಿನ್ನ ಡ್ರೈವರ್‌ನ ಕೇಳು."

ಡ್ರೈವರ್ ತಲೆ ಕೆರೆದುಕೊಂಡ. "ಆವತ್ತೂ ಶನಿವಾರನೇ. ಒಂಬತ್ತೂವರೆ ಆಗಿತ್ತು ಕಣಣ್ಣ. ಇವ್ರೇ ಸಾಲು ನಿಂತೈತೆ, ಹತ್ಸು ಹತ್ಸು ಅಂದ್ರು." ಇನ್ನೊಬ್ಬ ಡ್ರೈವರೂ ಅದನ್ನೇ ಹೇಳಿದ.

ದೊಡ್ಡಪ್ಪನ ಮುಖ ಬದಲಾದದ್ದನ್ನು ನಾನು ಕಣ್ಣು ತುಂಬಾ ನೋಡಿದೆ. "ನನ್ ಕೊಬ್ಬರೀನ ರಾವು ಬಾಯಿಗಿಟ್ಟು, ನನ್ ಕೈಗೆ ಸುಳ್ ಹೊತ್ತಿನ ಚೀಟಿ ಕೊಡಕ್ ಹೊಂಟಿದ್ಯೇನ್ಲಾ? ಮೇಲೆ ನಮ್ ಹುಡುಗೀನ ಕಳ್ಳಿ ಅಂದ್ಯಲ್ಲೋ!" ಅಂಗಳವೆಲ್ಲ ಅವನ ಮೇಲೆ ಬಿತ್ತು. ಯಜಮಾನರು ಬಾಮೈದನ ತೋಳು ಹಿಡಿದು ಮೆಟ್ಟಿಲ ಮೇಲೆ ನಿಲ್ಲಿಸಿದರು. "ಈಯಮ್ಮಂದು ತಪ್ಪಿಲ್ಲ" ಅಂತ ಅವನು ಗೊಣಗಿದ.

"ಕೇಳಿಸ್ಲಿಲ್ಲ ಸಾರ್" ಅಂದೆ.

ಮತ್ತೆ ಹೇಳಿದ. ಗೇಟಿನವರೆಗೂ ಕೇಳಿಸಿತು. ನಾಳೆ ಬೆಳಿಗ್ಗೆ ಅದು ಡೈರಿಯವರೆಗೂ ಹೋಗಲಿ ಅಂತ ದೊಡ್ಡಪ್ಪನ ಮುಖ ನೋಡಿದೆ. ಅವರು ತಲೆ ತಗ್ಗಿಸಿದರು.

ಸಂತೆ ಮುಗಿದು ಅಂಗಳ ಗುಡಿಸುವ ಹೊತ್ತಿಗೆ ಅವನು ನನ್ನ ಮೇಜಿನ ಹತ್ತಿರ ಬಂದ. ಧ್ವನಿ ಮೆತ್ತಗಾಗಿತ್ತು. "ಅದನ್ನ ತೆಗ್ದುಬುಡಮ್ಮ. ಇನ್ ಮುಟ್ಟಲ್ಲ."

"ಮುಟ್ಟದಿದ್ರೆ ಅದರಿಂದ ನಿಮಗೇನೂ ತೊಂದ್ರೆ ಇಲ್ಲ ಸಾರ್. ಇರ್ಲಿ."

 ಅವನು ಸುತ್ತ ನೋಡಿ ಕೇಳಿದ: "ಇನ್ನೂ ಎಲ್ಲೆಲ್ಲಿ ಇಟ್ಟಿದ್ದೀಯಮ್ಮ?"

ನಾನು ಇಟ್ಟಿದ್ದು ಅದೊಂದೇ. ಬೇರೆಲ್ಲೂ ಇರಲಿಲ್ಲ, ಈಗಲೂ ಇಲ್ಲ. ನಕ್ಕು ಬ್ಯಾಗ್ ತೆಗೆದುಕೊಂಡು ಹೊರಟೆ. ಇವತ್ತಿಗೂ ಅವನು ಒಂದು ಫೈಲ್ ತೆರೆಯುವ ಮೊದಲು ನನ್ನ ಮುಖ ನೋಡುತ್ತಾನೆ.