ಮಾವನ ಬಲ ಎದೆಯ ಬಿಸಿ

ಮೊನ್ನೆ ಶಾಲೆಯ ಬೀರು ಚೊಕ್ಕ ಮಾಡುವಾಗ, ಕೊರೊನಾ ಕಾಲದಲ್ಲಿ ಮಕ್ಕಳ ಹಣೆಗೆ ಗುರಿಯಿಡುತ್ತಿದ್ದ ಜ್ವರದ ಗನ್ನು ಸಿಕ್ಕಿತು. ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ. ಅಂಥದ್ದೇ ಗನ್ನು ಹಿಡಿದು ಡಾಕ್ಟರೊಬ್ಬರ ಎರಡೂ ಕೈ ಮೇಲೆತ್ತಿಸಿದ ಹೆಂಗಸು ನಮ್ಮ ಮನೆತನದಲ್ಲೇ ಇದ್ದಾಳೆ ನೋಡಿ.

ಬೆಟ್ಟದಪುರದ ಪುಟ್ಟತಾಯಿ ನನ್ನ ಸೋದರತ್ತೆ. ಮಾವನಿಗೆ ಕಿಡ್ನಿ ಕೈಕೊಟ್ಟಾಗ, ಡಯಾಲಿಸಿಸ್‌ಗೆಂದು ಬಲ ಎದೆಯ ಮೇಲ್ಭಾಗದಲ್ಲಿ ಒಂದು ಪೈಪು ಕೂರಿಸಿದ್ದರು. ಅದರ ಹೆಸರು ಕ್ಯಾತೆಟರ್. ಅತ್ತೆ ಅದನ್ನು ‘ಕ್ಯಾತೆ ಪೈಪು’ ಮಾಡಿಕೊಂಡಳು. “ಪೈಪಿನ ಸುತ್ತ ಬಿಸಿಯಾದ್ರೆ ತಡ ಮಾಡ್ಬೇಡಿ, ನಂಜಾಗಿರುತ್ತೆ” ಎಂದು ನರ್ಸಮ್ಮ ಹೇಳಿದ್ದೇ ತಡ, ಪಿರಿಯಾಪಟ್ಟಣದ ಮೆಡಿಕಲ್ ಸ್ಟೋರಿನಿಂದ ಗನ್ನು ಬಂತು.

ದಿನಾ ಬೆಳಿಗ್ಗೆ ಮಾವ ಅಂಗಿ ಬಿಚ್ಚಿ, ಮಂಗಳಾರತಿಗೆ ಕಾದ ಊರದೇವರಂತೆ ಕೂರುತ್ತಿದ್ದ. ಅತ್ತೆ ಪೈಪಿನ ಕಡೆಗೊಂದು ಸಲ, ಎಡಗಡೆಗೊಂದು ಸಲ ಗನ್ನು ಹಿಡಿದು, ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಮಿಷಿನ್ನು ಸುಳ್ಳು ಹೇಳುತ್ತಿಲ್ಲ ಎಂದು ಖಾತ್ರಿಯಾಗಲು ಎಮ್ಮೆಯ ಎರಡೂ ಪಕ್ಕೆಗೂ ಹಿಡಿಯುತ್ತಿದ್ದಳು.

ನಾನು ವಿಜ್ಞಾನದ ಮೇಷ್ಟ್ರು. ಸುಮ್ಮನಿರಲಾದೀತೇ? “ಅತ್ತೆ, ಅದು ಹಣೆಗೆ ಮಾತ್ರ. ಎದೆಗೆ ಹಿಡಿದ್ರೆ ತಪ್ಪು ತೋರಿಸುತ್ತೆ.”

“ತಪ್ಪೇ ತೋರುಸ್ಲಿ ಬುಡು. ಎರಡೂ ಕಡೆ ಒಂದೇ ತಪ್ಪು ತಾನೇ ತೋರುಸ್ಬೇಕು ಕಣೋ?”

ನಾನು ಕಾಫಿ ಕುಡಿದೆ.

ಒಂದು ಭಾನುವಾರ ನಾನಲ್ಲಿದ್ದಾಗಲೇ ಬಲಗಡೆ ಎರಡು ಡಿಗ್ರಿ ಹೆಚ್ಚು ಬಂತು. ಕೆಂಪಿಲ್ಲ, ನೋವಿಲ್ಲ, ಬಾಯಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ ಜ್ವರವೂ ಇಲ್ಲ. “ಬಿಸ್ಲಿಗೆ ಕೂತಿದ್ದೆ ಕಣೇ” ಅಂದ ಮಾವ. ಅತ್ತೆ ಅವನನ್ನು ನೆರಳಿಗೆ ಎಬ್ಬಿಸಿಕೊಂಡು ಹೋಗಿ, ಒಂದು ಗಂಟೆ ಕೂರಿಸಿ ಮತ್ತೆ ನೋಡಿದಳು. ಅಷ್ಟೇ ಇತ್ತು.

“ನಾಳೆ ಹೇಗೂ ಡಯಾಲಿಸಿಸ್ ಇದೆಯಲ್ಲ, ಆಗ ತೋರಿಸಿದ್ರಾಯ್ತು” ಅಂದೆ.

“ನೀನು ಎಮ್ಮೆಗೆ ಪಾಠ ಮಾಡ್ಕಂಡಿರು. ನಾವು ಓಯ್ತೀವಿ.”

ಮರ್ಯಾದೆಗಂಜಿ ನಾನೂ ಮೈಸೂರಿನ ಬಸ್ಸು ಹತ್ತಿದೆ. ಆಸ್ಪತ್ರೆಯಲ್ಲಿದ್ದ ಎಳೆ ವಯಸ್ಸಿನ ಡಾಕ್ಟರು, “ಜ್ವರಾನೇ ಇಲ್ವಲ್ಲಮ್ಮ” ಎಂದು ನಕ್ಕರು. ಅತ್ತೆ ಚೀಲದಿಂದ ಗನ್ನು ತೆಗೆದು, “ಅಲ್ಲಾಡ್ಬೇಡಿ ಸಾ” ಅಂದಳು. ಪಾಪ, ಅವರ ಕೈಗಳು ತಾವಾಗಿಯೇ ಮೇಲೆದ್ದವು. ಡಾಕ್ಟರ ಎದೆಯ ಎಡ-ಬಲ ಎರಡೂ ಒಂದೇ. ನನ್ನದೂ ಅಷ್ಟೇ. ಪಕ್ಕದ ಬೆಂಚಿನ ರೋಗಿಯೊಬ್ಬ ತಾನಾಗಿಯೇ ಗುಂಡಿ ಬಿಚ್ಚಿಕೊಂಡು ಬಂದು ಸಾಲಿನಲ್ಲಿ ನಿಂತ. ಅವನದೂ ಒಂದೇ.

“ಮೂರು ಜನುಕ್ಕೂ ಸಮ ಐತೆ. ಈವಯ್ಯಂಗೆ ಮಾತ್ರ ಯಾಕೆ ಏರುಪೇರು? ನೀವೇ ಯೋಳಿ.”

ಡಾಕ್ಟರು ಈಗ ನಗಲಿಲ್ಲ. ತಮ್ಮ ಕೈಯಿಂದಲೇ ಎರಡೂ ಕಡೆ ಮುಟ್ಟಿ ನೋಡಿ, ರಕ್ತ ತೆಗೆಯಲು ಹೇಳಿದರು. ರಕ್ತ ತೆಗೆದು ಮುಗಿಯುವಷ್ಟರಲ್ಲಿ ಮಾವನಿಗೆ ನಡುಕ ಹತ್ತಿತು. ಕೂತ ಬೆಂಚೂ ಕಟಕಟ ಅನ್ನುತ್ತಿತ್ತು. ಪೈಪಿಗೆ ನಂಜು ಹತ್ತಿ ರಕ್ತಕ್ಕೂ ಇಳಿದಿತ್ತಂತೆ. ಅದನ್ನು ಕಿತ್ತು, ಔಷಧಿ ಕೊಟ್ಟು, ಆಮೇಲೆ ಎಡಗಡೆ ಹೊಸದನ್ನು ಹಾಕಿದರು. “ನಾಳೆ ತನಕ ಕಾದಿದ್ರೆ ಕಷ್ಟ ಇತ್ತು. ಸದ್ಯ, ಯಾರ ಮಾತೂ ಕೇಳದೆ ಬಂದ್ರಿ” ಅಂದರು ಡಾಕ್ಟರು. ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕಿತ್ತಳೆಹಣ್ಣು ಸುಲಿದು, ಅರ್ಧ ನನ್ನ ಕೈಗಿಟ್ಟಳು.

ಈಗ ಮಾವನಿಗೆ ಪೈಪಿಲ್ಲ. ಡಯಾಲಿಸಿಸ್‌ಗೆಂದು ಕೈಯಲ್ಲೇ ಎರಡು ರಕ್ತನಾಳ ಜೋಡಿಸಿದ್ದಾರೆ. ಕಿವಿಯಿಟ್ಟರೆ ಜೇನುಗೂಡಿನಂತೆ ಗುಂಯ್‌ಗುಡುತ್ತದೆ. ಆ ಸದ್ದು ನಿಲ್ಲಬಾರದಂತೆ, ನಿಂತರೆ ನಾಳ ಕಟ್ಟಿಕೊಂಡಿತೆಂದೇ ಲೆಕ್ಕವಂತೆ. ಕಳೆದ ಭಾನುವಾರ ಹೋದಾಗ ಅತ್ತೆ, “ನೀನೂ ಕೇಳು” ಅಂದಳು. ನಾನು ಏನನ್ನೂ ವಿವರಿಸಲು ಹೋಗದೆ ಮಾವನ ಕೈಗೆ ಕಿವಿಯಿಟ್ಟೆ.

“ನೆನ್ನೆಯಷ್ಟೇ ಐತಾ?” ಅಂದಳು.

ನಿನ್ನೆ ನಾನು ಕೇಳಿರಲಿಲ್ಲವಲ್ಲ. ಬೆಳಿಗ್ಗೆ ಇನ್ನೊಮ್ಮೆ ಕೇಳಿ ಹೇಳೋಣವೆಂದು, ಊರಿಗೆ ಹೊರಡುವ ಬಸ್ಸು ಬಿಟ್ಟು, ಅಲ್ಲೇ ಉಳಿದೆ.