ತಿಂದು ನೋಡಿ ಹೆಸರಿಡುವ ಎಫಾಂಗೆ

ದೌಲಾ ಬಂದರು ಪಟ್ಟಣದ ಬೊನಾಬೆರಿ ಬಡಾವಣೆಯಲ್ಲಿ, ಜೆರಾಕ್ಸ್ ಅಂಗಡಿಯ ಪಕ್ಕದ ಕಿರುಕೋಣೆಯಲ್ಲಿ ಕೂತು ಫ್ರೆಂಚ್ ಕಾಗದಗಳನ್ನು ಇಂಗ್ಲಿಷಿಗೆ ತಿರುಗಿಸುವುದು ಎಫಾಂಗೆಯ ಕಸುಬು. ಮುಂಗೋ ಹೊಳೆಯ ಈಚೆ ಫ್ರೆಂಚ್, ಆಚೆ ಇಂಗ್ಲಿಷ್. ಆಹಾರ ಪರೀಕ್ಷೆ ಮಾಡುವ ಪ್ರಯೋಗಾಲಯ ಈಚೆ ದಡದಲ್ಲಿ, ಮೀನು ಕೊಳ್ಳುವ ಹೋಟೆಲುಗಳು ಆಚೆ ದಡದಲ್ಲಿ. ಶಾಲೆಯ ಮೆಟ್ಟಿಲನ್ನು ಬೇಗನೆ ಇಳಿದವನು ಅವನು. ಬಂದರಿನಲ್ಲಿ ಬಾಳೆಗೊನೆ ಹೊರುತ್ತಾ, ಗುಮಾಸ್ತರ ಬೈಗುಳದಿಂದಲೇ ಫ್ರೆಂಚ್ ಕಲಿತಿದ್ದ.

ನಿಘಂಟನ್ನು ಅವನು ನಂಬುತ್ತಿರಲಿಲ್ಲ. ಮೊದಮೊದಲು ಪ್ರಯೋಗಾಲಯದವರು 'ಬಿತ್ತನೆ' ಎಂದು ಬರೆದದ್ದನ್ನು ಹಾಗೆಯೇ ಇಂಗ್ಲಿಷಿಗೆ ಇಳಿಸಿ, "ಮೀನಿನಲ್ಲಿ ಯಾವ ಬೀಜ ಬಿತ್ತಿದಿರಿ?" ಎಂದು ಗಿರಾಕಿಯಿಂದ ಕೇಳಿಸಿಕೊಂಡಿದ್ದ. ಆಮೇಲೆ ತಾನೇ ಹೋಗಿ ನೋಡಿದ. ಮೀನನ್ನು ಅರೆದ ನೀರನ್ನು ಗಾಜಿನ ತಟ್ಟೆಗೆ ಸವರಿ ಬೆಚ್ಚಗಿಡುತ್ತಾರೆ. ಕಣ್ಣಿಗೆ ಕಾಣದ್ದು ಮೊಳೆತು ಚುಕ್ಕೆಚುಕ್ಕೆಯಾಗಿ ಕಾಣುತ್ತದೆ. ಅಂದಿನಿಂದ ಅವನದೊಂದು ಹಟ: ಕಣ್ಣಾರೆ ಕಾಣದ ಕೆಲಸಕ್ಕೆ, ನಾಲಿಗೆಗೆ ಸೋಕದ ಪದಾರ್ಥಕ್ಕೆ ತಾನು ಇಂಗ್ಲಿಷಿನಲ್ಲಿ ಹೆಸರಿಡುವವನಲ್ಲ.

ಹಾಗಾಗಿ ಪ್ರಯೋಗಾಲಯದ ಜವಾನ ಬಯೀಹಾ ವರದಿಯ ಜೊತೆ, ಪರೀಕ್ಷೆಗೆ ಬಳಸಿ ಉಳಿದ ಪೊಟ್ಟಣಗಳನ್ನೂ ತರುತ್ತಿದ್ದ.

"ಮೋಲಾ, ಯಜಮಾನ್ರೇ, ನಿಮ್ಮ ನಾಲಿಗೆಗೆ ಸಲ್ಲೋ ಕಪ್ಪ ತಂದಿದೀನಿ. ತಣ್ಣನೆ ಹೊಗೇಲಿ ಒಣಗಿಸಿದ ಮೀನು. ಬೇಯಿಸೋ ಹಾಗಿಲ್ಲ, ಹಾಗೇ ತಿನ್ನೋದು."

"ನೀನು ತಿಂದೆಯೇನೋ?"

"ನನ್ನ ಹೆಂಡತಿ ಬಾಯಿಗೇ ಸಾಲಲ್ಲ, ಇನ್ನು ನನಗೆಲ್ಲಿ?"

ಬೇಗ ಮುಗಿಯುವ ಪರೀಕ್ಷೆಗಳ ಪುಟ ಮೊದಲು ಬರುತ್ತಿತ್ತು, ನಿಧಾನದ್ದು ಆಮೇಲೆ. ಪೊಟ್ಟಣಗಳು ಮಾತ್ರ ಮೊದಲ ಪುಟದ ಜೊತೆಗೇ ಬರುತ್ತಿದ್ದವು. ಎಷ್ಟೋ ವರ್ಷದಿಂದ ಹೀಗೇ ನಡೆದಿತ್ತು, ಯಾರಿಗೂ ಏನೂ ಆಗಿರಲಿಲ್ಲ. ಎಫಾಂಗೆ ಒಂದು ಎಸಳು ಬಾಯಿಗಿಟ್ಟ. ನಯವಾಗಿತ್ತು, ಹೊಗೆಯ ಘಮ ಹದವಾಗಿತ್ತು. ಮಿಕ್ಕದ್ದನ್ನು ಭಾನುವಾರ ಹೊಳೆಯಾಚೆ ಟಿಕೊದಲ್ಲಿದ್ದ ತುಂಬು ಬಸುರಿ ಮಗಳು ಎನಾಂಗಳಿಗೆ ಒಯ್ದುಕೊಟ್ಟ. ಅವಳು ಮರಗೆಣಸಿನ ಕಡುಬಿನ ಜೊತೆ ಅಷ್ಟನ್ನೂ ಚಪ್ಪರಿಸಿ ತಿಂದಳು.

ಎರಡು ವಾರ ಕಳೆದು ಆ ಮೀನಿನ ಎರಡನೆಯ ಪುಟ ಬಂದ ದಿನ ಸೆಕೆ ಮೈ ಕಿತ್ತು ತಿನ್ನುತ್ತಿತ್ತು. ಎಫಾಂಗೆ ಕನ್ನಡಕ ಒರೆಸಿಕೊಂಡು ಓದಿದ. ಲಿಸ್ಟೀರಿಯಾ: ಪತ್ತೆಯಾಗಿದೆ.

ಆ ರೋಗಾಣುವಿನ ಹೆಸರು ಅವನಿಗೆ ಹೊಸದಲ್ಲ. ಹಿಂದೊಮ್ಮೆ ಅದರ ಮೇಲಿನ ಎಚ್ಚರಿಕೆಯ ಪತ್ರವನ್ನು ಅವನೇ ತಿರುಗಿಸಿದ್ದ. ಐಸುಪೆಟ್ಟಿಗೆಯ ತಂಪಿನಲ್ಲೂ ಬೆಳೆಯುತ್ತದೆ. ವಾಸನೆಯಿಲ್ಲ, ರುಚಿ ಕೆಡುವುದಿಲ್ಲ. ವಾರಗಟ್ಟಲೆ ಹೊಂಚು ಹಾಕುತ್ತದೆ. ಬಸುರಿಗೆ ಬರುವುದು ಸಣ್ಣ ಜ್ವರ. ಪೆಟ್ಟು ಬೀಳುವುದು ಹೊಟ್ಟೆಯೊಳಗಿನ ಕೂಸಿಗೆ. ಒಂದೊಂದು ಸಾಲನ್ನೂ ತಿದ್ದಿ ತೀಡಿ ಬರೆದಿದ್ದ.

ಮಗಳಿಗೆ ಫೋನು ಮಾಡಿದ.

"ಹೇಗಿದೀಯವ್ವಾ?"

"ಚೆನ್ನಾಗಿದೀನಿ ಪಾಪಾ. ನಿನ್ನೆಯಿಂದ ಮೈ ಸ್ವಲ್ಪ ಕಾದಿದೆ, ಸೊಂಟ ಹಿಡ್ಕೊಂಡಿದೆ. ಮಲೇರಿಯಾನೇ ಇರ್ಬೇಕು, ಮಾತ್ರೆ ನುಂಗಿದೀನಿ."

"ಕೂಸು ಒದೀತಾ ಇದೆಯಾ?"

"ಅದ್ಯಾಕೋ ಇವತ್ತು ಸೋಮಾರಿಯಾಗಿದೆ. ನಿಮ್ಮ ಮೊಮ್ಮಗ ಅಲ್ವಾ?" ಅವಳು ನಕ್ಕಳು.

ಟಿಕೊದ ಸೂಲಗಿತ್ತಿ ನರ್ಸಿಗೆ ಫ್ರೆಂಚ್ ಬಾರದು. ಕಾಗದ ಓದಲಾಗದಿದ್ದರೆ ಅವಳೂ ಮಲೇರಿಯಾ ಎಂದೇ ಕಳಿಸಿಬಿಡುತ್ತಾಳೆ. ಎಫಾಂಗೆ ಅದನ್ನು ಇಂಗ್ಲಿಷಿಗೆ ತಿರುಗಿಸತೊಡಗಿದ. ಕೊನೆಗೆ, ಪರೀಕ್ಷಿಸಿದ ಆಹಾರ ಎಂಬಲ್ಲಿ, ವರದಿಯಲ್ಲಿ ಇಲ್ಲದ ಒಂದು ಸಾಲನ್ನು ತಾನಾಗಿ ಸೇರಿಸಿದ: ಈ ಮೀನನ್ನೇ ನನ್ನ ಮಗಳು ತಿಂದಿದ್ದಾಳೆ.

ಬಸ್ಸು ಹತ್ತಿ ಟಿಕೊ ಮುಟ್ಟಿ, ಮಗಳನ್ನು ಹೊರಡಿಸಿಕೊಂಡು ದವಾಖಾನೆಗೆ ಹೋದ. ನರ್ಸು ಕಾಗದ ಓದಿದಳು, ಮತ್ತೊಮ್ಮೆ ಓದಿದಳು. ಹೊಟ್ಟೆಗೆ ಕೊಳವೆ ಇಟ್ಟು ಕಿವಿಗೊಟ್ಟಳು. ಜಾಗ ಬದಲಿಸಿದಳು, ಮತ್ತೆ ಬದಲಿಸಿದಳು.

"ಎದೆ ಬಡಿತ ಇದೆ. ಆದ್ರೆ ತೀರಾ ಜೋರು," ಎಂದಳು. "ಈ ಕಾಗದ ತರದಿದ್ರೆ ನಾನು ಮನೆಗೆ ಕಳಿಸ್ತಿದ್ದೆ, ಅಪ್ಪಾ. ಈಗ ಇಂಜೆಕ್ಷನ್ ಕೊಡ್ತೀನಿ. ಇಲ್ಲಿ ಕಾಯೋದು ಬೇಡ, ಬುಯಾ ದೊಡ್ಡಾಸ್ಪತ್ರೆಗೆ ಹೊರಡಿ."

ಟ್ಯಾಕ್ಸಿ ಬುಯಾದ ಬೆಟ್ಟ ಏರತೊಡಗಿದಾಗ ಎನಾಂಗ ಕೇಳಿದಳು.

"ಕೊಡೋ ಮುಂಚೆ ನೀವು ನೋಡ್ಲಿಲ್ವಾ ಪಾಪಾ?"

"ತಿಂದು ನೋಡಿದ್ದೆನವ್ವಾ. ಚೆನ್ನಾಗಿತ್ತು."

ಅವಳು ಕಿಟಕಿಯ ಕಡೆ ಹೊರಳಿದಳು. ಎರಡೂ ಅಂಗೈ ಹೊಟ್ಟೆಯ ಮೇಲಿದ್ದವು. ಅವುಗಳ ಕೆಳಗೆ ಏನಾದರೂ ಅಲುಗುತ್ತಿದೆಯೇ ಎಂದು ಕೇಳಲು ಎಫಾಂಗೆಗೆ ನಾಲಿಗೆ ಏಳಲಿಲ್ಲ.