ಬಾಸಿಂಗದಜ್ಜಿಯ ಮಣೆ

ಬಾಸಿಂಗದಜ್ಜಿಯ ಹುಬ್ಬಿನ ಮೇಲೆ ಸದಾ ಬೆಂಡಿನ ಬಿಳಿ ಪುಡಿ ಕೂತಿರುತ್ತಿತ್ತು. ಮಾತಾಡುವಾಗ ಎದುರಿನವರ ಕಣ್ಣು ನೋಡುವ ಅಭ್ಯಾಸವೇ ಅವರಿಗಿರಲಿಲ್ಲ. ಅಳತೆ ತೆಗೆಯುವವರ ಹಾಗೆ ಹಣೆಯನ್ನೇ ನೋಡುತ್ತಿದ್ದರು. ಅವರೆದುರು ನಿಂತವರು ಸುಮ್ಮಸುಮ್ಮನೆ ಹಣೆ ಒರೆಸಿಕೊಳ್ಳುತ್ತಿದ್ದರು. ನಾನೂ ಒರೆಸಿಕೊಂಡೆ. ನನ್ನ ಹಣೆ ಆಗ ಬರಿದಾಗಿತ್ತು.

ರಾಜ್ಯ ಒಂದಾದ ಹೊಸತು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡವಳು ನಾನು. ಶಿಕಾರಿಪುರದ ಗಂಡನ ಮನೆಯಲ್ಲಿ ಯಾರೂ ಬೈಯಲಿಲ್ಲ. ಶುಭಕಾರ್ಯ ಬಂದಾಗ ಹಿಂದಿನ ಕೋಣೆಗೆ ಕಳಿಸುತ್ತಿದ್ದರು, ಅಷ್ಟೆ. ಸಾಕಾಗಿ ಬಸ್ಸು ಹತ್ತಿ ಸೊರಬದ ಸೋದರಮಾವನ ಮನೆ ಸೇರಿದೆ. ಪಕ್ಕದ ಮನೆಯೇ ಬಾಸಿಂಗದಜ್ಜಿಯದು. ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗವನ್ನು ಬೆಂಡಿನಲ್ಲಿ ಕೊರೆದು ಮಾಡುವುದು ಅವರ ಕಸುಬು.

“ಸುಮ್ನೆ ಎಂತಕ್ಕೆ ನಿಂತೀಯೆ? ಕೂತ್ಕ, ಕತ್ತಿ ಹಿಡಿ.”

“ನನ್ನ ಕೈ ಮದುವೆ ಸಾಮಾನಿಗೆ ಆಗೋದಿಲ್ಲರೀ ಅಜ್ಜಿ.”

“ಬೆಂಡಿಗೆ ಕತ್ತಿ ಹರಿತ ಇದ್ರೆ ಸಾಕು ಮಾರಾಯ್ತಿ.”

ಬಾಗಿಲ ಬಳಿ ಇಬ್ಬರು ಕೂರುವಷ್ಟು ಉದ್ದದ ಮಣೆಯೊಂದಿತ್ತು, ಅದರ ಮೇಲೆ ಕೂರಲು ಹೋದೆ. ತಟ್ಟನೆ ತಡೆದರು. ಅದರ ಮೇಲೆ ಯಾರೂ ಕೂರುವಂತಿರಲಿಲ್ಲ. ಮಧ್ಯಾಹ್ನ ಬೀದಿಯ ಸದ್ದಡಗಿದಾಗ ಆ ಮಣೆ ತಾನಾಗಿ ಕಿರ್ರೆನ್ನುತ್ತಿತ್ತು. ಅಜ್ಜಿ ತಲೆ ಎತ್ತದೆ, “ಇನ್ನೂ ಆಗಿಲ್ಲ, ಕೂತಿರಿ,” ಅನ್ನುತ್ತಿದ್ದರು. ನಾನೇನು ಪುಕ್ಕಲಿಯಲ್ಲ, ಆದರೂ ಮೈ ಜುಮ್ಮೆನ್ನುತ್ತಿತ್ತು.

ಯಾವ ಬಾಸಿಂಗವನ್ನೂ ಅವರು ಮನೆಯಲ್ಲಿ ಪೂರ್ತಿ ಮಾಡುತ್ತಿರಲಿಲ್ಲ. ಮದುವೆಮನೆಗೇ ಹೋಗಿ, ಹುಡುಗಿಯ ಹೆಸರು ಕೇಳಿ, ಕೊನೆಯ ಎಸಳು ಹಚ್ಚಬೇಕು. “ಮೊದ್ಲೇ ಮುಗಿಸಿಟ್ರೆ ಅದು ಹಣೆ ಹುಡುಕ್ಕಂಡು ಹೊರಡ್ತದೆ,” ಅನ್ನುತ್ತಿದ್ದರು. ಅವರ ತಲೆಯ ಮೇಲೆ ಜಂತೆಯಿಂದ ಹಾಗೇ ಒಂದು ಎಸಳಿಲ್ಲದ ಬಾಸಿಂಗ ತೂಗುತ್ತಿತ್ತು. ಕುಬಟೂರಿನಲ್ಲಿ ಹುಡುಗಿಯಾಗಿದ್ದಾಗ ತಮ್ಮ ಮದುವೆಗೆಂದು ತಾವೇ ಮಾಡಿದ್ದು. ಎಸಳು ಹಚ್ಚುವ ಮೊದಲೇ ಗಂಡು ಜ್ವರದಲ್ಲಿ ತೀರಿಕೊಂಡರಂತೆ.

“ಬಾಸಿಂಗ ಮುಗಿದಿಲ್ಲ ನೋಡು, ಅವರೂ ಹೋಗಿಲ್ಲ,” ಅಂದರು ಮಣೆಯತ್ತ ನೋಡಿ, ಬಿಸಿಲು ಜೋರು ಅನ್ನುವಷ್ಟು ಸಲೀಸಾಗಿ.

ಬಾಸಿಂಗದ ಬುಟ್ಟಿ ಹಿಡಿದು ಅವರ ಹಿಂದೆ ಹೊಸಬಾಳೆಗೆ, ಉಳವಿಗೆ ಹೋದೆ. ಚಪ್ಪರದ ಹೊರಗೇ ನಿಲ್ಲುತ್ತಿದ್ದೆ. ಒಮ್ಮೆ ಉಳವಿಯಲ್ಲಿ ಅಜ್ಜಿಯ ಕೈ ಬಹಳ ನಡುಗಿತು. ನನ್ನನ್ನು ಒಳಗೆ ಕರೆದು ಎಸಳು ಕೊಟ್ಟರು. ಗಂಡಿನ ಸೋದರತ್ತೆ ಶಿಕಾರಿಪುರದವರು, ನನ್ನ ಗುರುತು ಹಿಡಿದೇಬಿಟ್ಟರು.

“ಅಯ್ಯಯ್ಯೋ, ಗಂಡ ಸತ್ತಾಕಿ ಕೈಲಿ ಹಚ್ಚಸ್ತೀರೇನ್ರೀ?”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಸೋದರತ್ತೆ ನನ್ನ ಕೈಯಿಂದ ಎಸಳು ಕಿತ್ತುಕೊಂಡು ತಾವೇ ಹಚ್ಚಿದರು. ಅದು ಬಿತ್ತು. ಮತ್ತೆ ಹಚ್ಚಿದರು, ಮತ್ತೆ ಬಿತ್ತು. ಹುಡುಗಿಯ ತಂದೆ ಬೆವರು ಒರೆಸಿಕೊಂಡು, “ಮುಹೂರ್ತ ಮೀರ್ತದೆ. ನೀನೇ ಹಚ್ಚಮ್ಮ,” ಅಂದರು. ಹುಡುಗಿಯ ಹೆಸರು ಕೇಳಿದೆ, ಹಚ್ಚಿದೆ. ಎಸಳು ಕೂತಿತು.

ಬಸ್ಸಿನಲ್ಲಿ ಅಜ್ಜಿ, “ಅಂಟು ಹಳೇದು ಕಣೇ,” ಅಂದು ನಕ್ಕರು. ನಾನು ಹಚ್ಚಿದ್ದೂ ಅದೇ ಅಂಟಿನಲ್ಲಿ. ಆ ದಿನದಿಂದ ನಾನು ಯಾವ ಚಪ್ಪರದ ಹೊರಗೂ ನಿಲ್ಲಲಿಲ್ಲ.

ಮರುಬೇಸಿಗೆಗೆ ಅಜ್ಜಿ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಜಂತೆಯತ್ತ ಕೈ ತೋರಿಸಿದರು.

“ಇಳಿಸು. ನನ್ನ ಹೆಸರು ಕೇಳು.”

ಅಷ್ಟು ದಿನವಾದರೂ ನನಗೆ ಅವರ ಹೆಸರೇ ಗೊತ್ತಿರಲಿಲ್ಲ. ಕೇಳಿದೆ, ಹೇಳಿದರು. ಅದು ಬಾಸಿಂಗಕ್ಕೆಂದು ಹೇಳಿದ ಹೆಸರು, ಇಲ್ಲಿ ಬರೆಯುವುದಿಲ್ಲ. ಕಣ್ಣೀರಿಗೆ ಎಸಳು ಎರಡೆರಡಾಗಿ ಕಂಡರೂ ಹಚ್ಚಿ, ಅವರ ಹಣೆಗೆ ಕಟ್ಟಿದೆ. ಬಾಗಿಲ ಬಳಿ ಮಣೆ ಕಿರ್ರೆಂದಿತು, ಬಹಳ ಹೊತ್ತು ಕೂತಿದ್ದವರು ಎದ್ದಾಗ ಆಗುವ ಹಾಗೆ. ಅಜ್ಜಿ ಅತ್ತ ತಿರುಗಿ, “ಆತು, ಬಂದೆ,” ಅಂದರು. ಆಮೇಲೆ ಮಾತಾಡಲಿಲ್ಲ.

ಆ ಮಣೆಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಶಿಕಾರಿಪುರಕ್ಕೆ ಬಂದೆ. ಹಿಂದಿನ ಕೋಣೆಗಲ್ಲ, ಬೀದಿಗೆ ಬಾಗಿಲಿರುವ ಮುಂದಿನ ಕೋಣೆಗೆ. ಊರಿನ ಎಷ್ಟೋ ಮದುಮಕ್ಕಳ ಹಣೆಗೆ ನನ್ನ ಕೈಯ ಬಾಸಿಂಗ ಕಟ್ಟಿದ್ದಾರೆ. ಮಣೆ ಈಗಲೂ ಬಾಗಿಲ ಬಳಿಯೇ ಇದೆ. ಮದುವೆಯ ದಿನಗಳಲ್ಲಿ, ಬೀದಿ ಸದ್ದಡಗಿದ ಮಧ್ಯಾಹ್ನ, ಅದು ಒಮ್ಮೆ ಕಿರ್ರೆನ್ನುತ್ತದೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಇನ್ನೊಬ್ಬರು ಕೂತ ಹಾಗೆ ಮತ್ತೊಮ್ಮೆ. ನಾನು ತಲೆ ಎತ್ತದೆ, “ಕೂತ್ಕೊಳ್ಳಿ, ಇಬ್ರೂ ಕೂತ್ಕೊಳ್ಳಿ,” ಅನ್ನುತ್ತೇನೆ.